‘ಮೇಲ್ ಹೊಂಟಿಲ್ರಿ!’: ಪೆರುಂಗುಡಿಯ ಒಂದು ಸರ್ವರ್ ಕತೆ

ಸೋಮವಾರ ಬೆಳಿಗ್ಗೆ ಒಂಬತ್ತೂಕಾಲಿಗೆ ಬರುವ ಫೋನಿನಲ್ಲಿ ಒಳ್ಳೆಯ ಸುದ್ದಿ ಇರುವುದು ಅಪರೂಪ. 2024ರ ಜೂನ್ ತಿಂಗಳ ಒಂದು ಸೋಮವಾರ ಬಂದದ್ದೂ ಅಂಥದ್ದೇ.

“ಸರ, ಮೇಲ್ ಹೊಂಟಿಲ್ರಿ. ಬರವಲ್ಲವು ಬ್ಯಾರೆ. ಎಲ್ಲಾ ಅಲ್ಲ ಮತ್ತ, ಕೆಲವು ಹೋಗ್ತಾವು, ಕೆಲವು ತಿರುಗಿ ಬರ್ತಾವು. ಒಂದು ಸಲ ಬಂದು ನೋಡ್ರಲ್ಲ.”

ಮಾತಾಡಿದವರು ಪೆರುಂಗುಡಿಯಲ್ಲಿ ರಬ್ಬರ್ ಗ್ಯಾಸ್ಕೆಟ್ ಮತ್ತು ಸೀಲ್ ತಯಾರಿಸುವ ಸಣ್ಣ ಕಾರ್ಖಾನೆಯ ಮಾಲೀಕರು. ರಾಣೆಬೆನ್ನೂರಿನವರು, ಚೆನ್ನೈಗೆ ಬಂದು ಇಪ್ಪತ್ತೈದು ವರ್ಷದ ಮೇಲಾಯಿತು. ಅವರನ್ನೂ ಸೇರಿಸಿ ಇಪ್ಪತ್ತೆರಡು ಜನ ಅಲ್ಲಿ ಕೆಲಸ ಮಾಡುತ್ತಾರೆ. ಸಣ್ಣ ಕಚೇರಿಗಳ ಕಂಪ್ಯೂಟರ್ ನೋಡಿಕೊಳ್ಳುವುದು ನನ್ನ ಹೊಟ್ಟೆಪಾಡು. ಅವರ ಪ್ರಿಂಟರ್, ವೈಫೈ ರಿಪೇರಿಗೆ ಆಗಾಗ ಹೋಗುತ್ತಿದ್ದೆ. ಸರ್ವರ್ ಮಾತ್ರ ಮುಟ್ಟಿರಲಿಲ್ಲ. “ಅದು ಓಡಾಕತ್ತೈತಿ, ಅದನ್ನ ಮುಟ್ಟೋದು ಬ್ಯಾಡ” ಎನ್ನುತ್ತಿದ್ದರು. ಈ ಕತೆ ಬರೆಯಲು ಅವರ ಒಪ್ಪಿಗೆ ಇದೆ. ಹೆಸರು ಹಾಕಲು ಇಲ್ಲ. ಪಾಸ್‌ವರ್ಡ್ ಸಮಾಚಾರ ಊರಿಗೆಲ್ಲ ಗೊತ್ತಾಗುವುದು ಅವರಿಗೆ ಬೇಡವಂತೆ.

ಆ ವಾರ ಅವರಿಗೆ ಬೇರೆಯದೇ ಒತ್ತಡವಿತ್ತು. ಕೊಯಮತ್ತೂರಿನ ಪಂಪ್ ತಯಾರಕರೊಬ್ಬರು ವರ್ಷದ ದರ ಒಪ್ಪಂದಕ್ಕೆ ಬುಧವಾರ ಸಂಜೆಯೊಳಗೆ ಪರಿಷ್ಕೃತ ಕೊಟೇಶನ್ ಕೇಳಿದ್ದರು. ವರ್ಷದ ವಹಿವಾಟಿನಲ್ಲಿ ಮೂರನೆಯ ಒಂದು ಪಾಲು ಆ ಒಂದೇ ಗಿರಾಕಿಯದು. ಯಾವ ಯಾವ ಅಳತೆಯ ಸೀಲ್ ಎಷ್ಟೆಷ್ಟು ಬೇಕು ಎಂಬ ಪಟ್ಟಿ ಮೇಲ್‌ನಲ್ಲಿ ಬರಬೇಕಿತ್ತು, ಬಂದಿರಲಿಲ್ಲ. “ನನ್ನ ಜಿಮೇಲಿಂದ ಕೇಳಿ ಬಿಡ್ಲೇನ್ರಿ?” ಎಂದರು. ಆ ಗಿರಾಕಿಯ ಖರೀದಿ ವಿಭಾಗ ನೋಂದಾಯಿತ ವಿಳಾಸದಿಂದ ಬಂದ ಮೇಲ್ ಬಿಟ್ಟು ಬೇರೆಯದನ್ನು ತೆರೆಯುವುದಿಲ್ಲ. ಅದು ಅವರಿಗೂ ಗೊತ್ತಿತ್ತು.

ವೇಳಚ್ಚೇರಿಯ ನನ್ನ ಮನೆಯಿಂದ ತರಮಣಿ ಲಿಂಕ್ ರೋಡ್ ಹಿಡಿದು ಓಎಂಆರ್ ಸೇರಿದರೆ ಪೆರುಂಗುಡಿ. ಮುಂದೆ ಗಾಜಿನ ಐಟಿ ಕಟ್ಟಡಗಳು, ರಸ್ತೆಯ ನಡುವೆ ಮೆಟ್ರೋ ಕಾಮಗಾರಿಯ ಬ್ಯಾರಿಕೇಡುಗಳು. ಗಾಜಿನ ಕಟ್ಟಡಗಳ ಬೆನ್ನಿಗೆ ಹೊರಳಿದರೆ ತಗಡಿನ ಶೆಡ್ಡುಗಳು, ಲೇತ್ ಮಷೀನಿನ ಸದ್ದು, ಚಹಾ ಅಂಗಡಿ. ಇನ್ನೂ ಹಿಂದಕ್ಕೆ ನಗರದ ಕಸ ಹೊತ್ತ ಡಂಪ್‌ಯಾರ್ಡ್ ಮತ್ತು 2022ರಲ್ಲಿ ರಾಮ್ಸಾರ್ ಪಟ್ಟಿಗೆ ಸೇರಿದ ಪಳ್ಳಿಕರಣೈ ಜೌಗು. ದಕ್ಷಿಣ ಚೆನ್ನೈನ ಮಳೆನೀರು ಸಮುದ್ರ ಸೇರುವ ಮುನ್ನ ಬಂದು ನಿಲ್ಲುವ ಜಾಗ ಅದು. ಹಾಗಾಗಿ ಪೆರುಂಗುಡಿಯಲ್ಲಿ ಕಂಪ್ಯೂಟರ್ ಎಲ್ಲಿಡಬೇಕು ಎಂಬ ಪ್ರಶ್ನೆ ನೀರು ಎಲ್ಲಿಗೆ ಬರುತ್ತದೆ ಎಂಬ ಪ್ರಶ್ನೆಯೂ ಹೌದು.

ಆ ಕಾರ್ಖಾನೆಯ ನೆಲಮಹಡಿಯ ಗೋಡೆಯಲ್ಲಿ ಸೊಂಟದೆತ್ತರಕ್ಕೆ ಒಂದು ಕಂದು ಗೆರೆ ಇದೆ. ಬಣ್ಣ ಹೊಡೆದರೂ ಮತ್ತೆ ಮೂಡುತ್ತದೆ. 2015ರ ಡಿಸೆಂಬರ್ ಮೊದಲ ವಾರದ ನೆರೆಯ ಗುರುತು. ಚೆನ್ನೈನಲ್ಲಿದ್ದವರು ಆ ವಾರ ಮರೆಯಲಾರರು. ವಿಮಾನ ನಿಲ್ದಾಣವೇ ಮುಚ್ಚಿತ್ತು, 1878ರಿಂದ ಬರುತ್ತಿರುವ ‘ದಿ ಹಿಂದೂ’ ಒಂದು ದಿನ ಅಚ್ಚಾಗಲಿಲ್ಲ. ಆ ರಾತ್ರಿ ಮಾಲೀಕರೂ ಫೋರ್‌ಮನ್ನೂ ಸರ್ವರನ್ನು ಮಗುವಿನ ಹಾಗೆ ತಬ್ಬಿಕೊಂಡು ಮೆಟ್ಟಿಲು ಹತ್ತಿ ಮೊದಲ ಮಹಡಿಗೆ ಸಾಗಿಸಿದ್ದರಂತೆ. ಅಂದಿನಿಂದ ಅದು ಅಲ್ಲೇ, ಕ್ಯಾಲೆಂಡರಿನ ಕೆಳಗೆ, ಒಂದು ಕಬ್ಬಿಣದ ಮೇಜಿನ ಮೇಲೆ ಇತ್ತು.

ಬರದ ಮೇಲ್

ಮೇಲ್ ಕೆಟ್ಟಿದೆ ಎಂದಾಗ ಮೊದಲು ಕೇಳಬೇಕಾದ ಪ್ರಶ್ನೆ: ಬರುವುದು ಕೆಟ್ಟಿದೆಯೋ, ಹೋಗುವುದು ಕೆಟ್ಟಿದೆಯೋ? ಎರಡಕ್ಕೂ ದಾರಿ ಬೇರೆ, ಕಾರಣವೂ ಬೇರೆ ಇರಬಹುದು. ಅವರಲ್ಲಿ ಎರಡೂ ಕೆಟ್ಟಿದ್ದವು. ಹೊರಗಿನಿಂದ ಬರುವುದು ಶುಕ್ರವಾರ ಸಂಜೆಯಿಂದ ಪೂರ್ತಿ ನಿಂತಿತ್ತು. ಹೋಗುವುದು ಮೂರು ವಾರದಿಂದ ಆಗೊಮ್ಮೆ ಈಗೊಮ್ಮೆ ತಿರುಗಿ ಬರುತ್ತಿತ್ತು. ಎರಡನ್ನೂ ಒಂದೇ ಕಾಯಿಲೆ ಎಂದುಕೊಂಡಿದ್ದರಿಂದ ಅವರಿಗೆ ತಲೆಬುಡ ಸಿಕ್ಕಿರಲಿಲ್ಲ.

ಸರ್ವರಿಗೆ ಲಾಗಿನ್ ಆಗಿ ನೋಡಿದೆ. ವಿಂಡೋಸ್ ಸ್ಮಾಲ್ ಬಿಸಿನೆಸ್ ಸರ್ವರ್ 2011. ಒಂದೇ ಡಬ್ಬಿಯಲ್ಲಿ ಲಾಗಿನ್, ಫೈಲು, ಪ್ರಿಂಟರ್, ಮೇಲ್ ಎಲ್ಲವನ್ನೂ ಕೊಡುತ್ತಿದ್ದ, ಸಣ್ಣ ಕಂಪನಿಗಳಿಗೆಂದೇ ಮಾಡಿದ ತಂತ್ರಾಂಶ. ಅದರೊಳಗೆ ಮೇಲ್ ನೋಡಿಕೊಳ್ಳುವುದು ಎಕ್ಸ್‌ಚೇಂಜ್ 2010. ಸಿ ಡ್ರೈವ್ ತೆರೆದರೆ ಪಟ್ಟಿ ಪೂರ್ತಿ ಕೆಂಪು. ಜಾಗವೇ ಉಳಿದಿರಲಿಲ್ಲ. ಡಿಸ್ಕ್ ತುಂಬುತ್ತ ಬಂದಾಗ ಎಕ್ಸ್‌ಚೇಂಜ್ ತನ್ನನ್ನು ಕಾಪಾಡಿಕೊಳ್ಳಲು ಮೊದಲು ಹೊರಗಿನ ಮೇಲ್ ತೆಗೆದುಕೊಳ್ಳುವುದನ್ನು ನಿಲ್ಲಿಸುತ್ತದೆ. ಬಾಗಿಲಿಗೆ ಬಂದವರಿಗೆ 452 ಎಂಬ ಸಂಖ್ಯೆಯ ಉತ್ತರ ಕೊಡುತ್ತದೆ. ‘ಈಗ ಆಗುವುದಿಲ್ಲ, ಆಮೇಲೆ ಬನ್ನಿ’ ಎಂದು ಅದರ ಅರ್ಥ.

ಆ ಸಂಖ್ಯೆ ನೋಡಿ ನನಗೆ ಸಮಾಧಾನವಾಯಿತು. ಮೇಲ್ ಸರ್ವರುಗಳ ಮಾತುಕತೆಯಲ್ಲಿ 4ರಿಂದ ಶುರುವಾದ ಉತ್ತರ ತಾತ್ಕಾಲಿಕ, 5ರಿಂದ ಶುರುವಾದದ್ದು ಖಡಾಖಂಡಿತ. 4 ಎಂದರೆ ಕಳಿಸಿದವರ ಸರ್ವರ್ ಆ ಪತ್ರವನ್ನು ತನ್ನಲ್ಲೇ ಇಟ್ಟುಕೊಂಡು ಮತ್ತೆ ಮತ್ತೆ ಬಂದು ಬಾಗಿಲು ತಟ್ಟುತ್ತದೆ. ಎಷ್ಟು ದಿನ? ನಿಯಮದ ಪ್ರಕಾರ ನಾಲ್ಕೈದು ದಿನವಾದರೂ ಪ್ರಯತ್ನಿಸಬೇಕು. ಎರಡೇ ದಿನಕ್ಕೆ ಕೈಚೆಲ್ಲುವ ಸರ್ವರುಗಳೂ ಇವೆ. ಶುಕ್ರವಾರ ಸಂಜೆಯಿಂದ ಸೋಮವಾರ ಮಧ್ಯಾಹ್ನಕ್ಕೆ ಆಗಲೇ ಎರಡೂವರೆ ದಿನಕ್ಕಿಂತ ಹೆಚ್ಚಾಗಿತ್ತು. ಗಡಿಯಾರ ಓಡುತ್ತಿತ್ತು.

2015ರ ನೆರೆಯಲ್ಲಿ ಅವರು ಮೇಲ್ ಕಳೆದುಕೊಂಡದ್ದು ಹೀಗೆಯೇ. ಸರ್ವರ್ ಒದ್ದೆಯಾಗಲಿಲ್ಲ, ನಿಜ. ಆದರೆ ಕಾರ್ಖಾನೆಗೆ ಕರೆಂಟು ಬಂದದ್ದು ಆರು ದಿನದ ಮೇಲೆ. ಅಷ್ಟರಲ್ಲಿ ಊರೂರಿನ ಸರ್ವರುಗಳು ಕಾದು ಸುಸ್ತಾಗಿ ಪತ್ರಗಳನ್ನು ಕಳಿಸಿದವರಿಗೇ ಹಿಂದಿರುಗಿಸಿದ್ದವು. ಎಷ್ಟು ಆರ್ಡರ್ ಹೋಯಿತು ಎಂದು ಯಾರಿಗೂ ಗೊತ್ತಾಗಲಿಲ್ಲ. ಬರದೇ ಇದ್ದ ಪತ್ರವನ್ನು ಎಣಿಸುವವರು ಯಾರು?

ಇನ್ನು ಡಿಸ್ಕ್ ತುಂಬಿದ್ದು ಏಕೆ? ಜಾಗ ತಿಂದದ್ದು ಮೇಲ್ ಅಲ್ಲ, ಲಾಗ್ ಫೈಲುಗಳು. ಎಕ್ಸ್‌ಚೇಂಜ್ ಬಂದ ಪ್ರತಿ ಪತ್ರವನ್ನೂ ಮೊದಲು ಲಾಗ್‌ನಲ್ಲಿ ಬರೆದುಕೊಂಡು ಆಮೇಲೆ ಡೇಟಾಬೇಸಿಗೆ ಸೇರಿಸುತ್ತದೆ, ಅಂಗಡಿಯವರು ಕಚ್ಚಾ ಪುಸ್ತಕದಲ್ಲಿ ಬರೆದು ರಾತ್ರಿ ಪಕ್ಕಾ ಲೆಡ್ಜರಿಗೆ ಏರಿಸುವ ಹಾಗೆ. ಪೂರ್ಣ ಬ್ಯಾಕಪ್ ಯಶಸ್ವಿಯಾದಾಗ ಮಾತ್ರ ಹಳೆಯ ಲಾಗ್‌ಗಳನ್ನು ತಾನೇ ಅಳಿಸುತ್ತದೆ. ಅವರಲ್ಲಿ ಲಾಗ್‌ಗಳು 2023ರ ಡಿಸೆಂಬರ್ 3ರಿಂದ ಒಂದೂ ಅಳಿದಿರಲಿಲ್ಲ. ಅಂದರೆ ಅಂದಿನಿಂದ ಬ್ಯಾಕಪ್ಪೇ ಆಗಿರಲಿಲ್ಲ.

“ಡಿಸೆಂಬರ್ ಮೂರಕ್ಕೆ ಏನಾಯ್ತು?” ಎಂದು ಕೇಳಿದೆ. ಮಾಲೀಕರು ಸ್ವಲ್ಪ ಯೋಚಿಸಿ ತಲೆ ಮೇಲೆ ಕೈ ಇಟ್ಟುಕೊಂಡರು. ಮಿಚಾಂಗ್ ಚಂಡಮಾರುತದ ಮಳೆ ಶುರುವಾದ ದಿನ. ಮತ್ತೆ 2015 ಆದೀತೆಂದು ಹೆದರಿ, ಬ್ಯಾಕಪ್ ಇರುವ ಯುಎಸ್‌ಬಿ ಡಿಸ್ಕನ್ನು ಕಿತ್ತು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಮನೆಗೆ ಒಯ್ದಿದ್ದರು. ನೀರಿಳಿದ ಮೇಲೆ ಎಲ್ಲ ವಾಪಸ್ ತಂದರು, ಡಿಸ್ಕ್ ಮಾತ್ರ ಬೀರುವಿನಲ್ಲೇ ಉಳಿಯಿತು. ಆರು ತಿಂಗಳ ಕಾಲ ಸರ್ವರ್ ಪ್ರತಿ ರಾತ್ರಿ ‘ಡಿಸ್ಕ್ ಸಿಗುತ್ತಿಲ್ಲ’ ಎಂದು ಎಚ್ಚರಿಕೆ ಬರೆಯುತ್ತಲೇ ಇತ್ತು. ಕೆಲಸ ಬಿಟ್ಟು ಹೋದವರೊಬ್ಬರ ಹೆಸರಿನ ಮೇಲ್‌ಬಾಕ್ಸಿಗೆ ಅದು ಹೋಗುತ್ತಿತ್ತು.

ಇಂಥ ಹೊತ್ತಿನಲ್ಲಿ ಕೈಯಿಂದ ಲಾಗ್ ಫೈಲು ಅಳಿಸುವ ಆಸೆ ಎಲ್ಲರಿಗೂ ಬರುತ್ತದೆ. ಮಾಡಬೇಡಿ. ಇನ್ನೂ ಲೆಡ್ಜರಿಗೆ ಏರದ ಪುಟವೊಂದು ಅದರಲ್ಲಿ ಇದ್ದರೆ ಡೇಟಾಬೇಸ್ ಮತ್ತೆ ತೆರೆಯದೇ ಹೋಗಬಹುದು. ಬೀರುವಿನಿಂದ ಡಿಸ್ಕ್ ತರಿಸಿ, ಬೇಡದ ತಾತ್ಕಾಲಿಕ ಫೈಲುಗಳನ್ನು ತೆಗೆದು ಉಸಿರಾಡಲು ಒಂದಿಷ್ಟು ಜಾಗ ಮಾಡಿ, ಪೂರ್ಣ ಬ್ಯಾಕಪ್ ಹಾಕಿದೆ. ರಾತ್ರಿ ಎಂಟಕ್ಕೆ ಅದು ಮುಗಿಯಿತು. ಲಾಗ್‌ಗಳು ತಾವೇ ಅಳಿದು ಡಿಸ್ಕಿನ ಪಟ್ಟಿ ಕೆಂಪಿನಿಂದ ನೀಲಿಗೆ ಬಂತು. ಸ್ವಲ್ಪ ಹೊತ್ತಿಗೆ ಕಾದು ನಿಂತಿದ್ದ ಮೇಲ್‌ಗಳು ಒಂದೊಂದಾಗಿ ಒಳಗೆ ಬರತೊಡಗಿದವು. ಕೊಯಮತ್ತೂರಿನ ಪಟ್ಟಿ ಬಂದದ್ದು ಒಂಬತ್ತು ದಾಟಿದ ಮೇಲೆ. ಶನಿವಾರ ಬೆಳಿಗ್ಗೆ ಕಳಿಸಿದ್ದದು.

ತಿರುಗಿ ಬರುವ ಮೇಲ್

ಹೊರಗೆ ಹೋಗುವ ಮೇಲ್‌ನ ಕಾಯಿಲೆಗೆ ಕಾರಣ ಓಎಂಆರ್‌ನಲ್ಲೇ ಇತ್ತು. ಮೇ ತಿಂಗಳಲ್ಲಿ ರಸ್ತೆ ಅಗೆತದಲ್ಲಿ ಇಂಟರ್ನೆಟ್ ಕೇಬಲ್ ಎರಡು ಸಲ ತುಂಡಾಗಿತ್ತು. ಬೇಸತ್ತು ಇನ್ನೊಂದು ಕಂಪನಿಯಿಂದ ಎರಡನೆಯ ಲೈನ್ ಹಾಕಿಸಿಕೊಂಡಿದ್ದರು. ಹೊಸ ರೂಟರ್ ಎರಡೂ ಲೈನುಗಳಿಗೆ ಹೊರೆ ಹಂಚುತ್ತಿತ್ತು. ಒಂದು ಮೇಲ್ ಹಳೆಯ ಲೈನಿನಿಂದ ಹೊರಟರೆ ಇನ್ನೊಂದು ಹೊಸದರಿಂದ.

ಮೇಲ್ ಪದ್ಧತಿ ಹುಟ್ಟಿದ್ದು ಪರಸ್ಪರ ನಂಬಿಕೆಯ ಕಾಲದಲ್ಲಿ. ರೇ ಟಾಮ್ಲಿನ್ಸನ್ 1971ರಲ್ಲಿ ಹೆಸರಿಗೂ ಕಂಪ್ಯೂಟರಿಗೂ ನಡುವೆ ‘ಅಟ್’ ಚಿಹ್ನೆ ಹಾಕಿ ಮೊದಲ ಜಾಲಪತ್ರ ಕಳಿಸಿದಾಗಲೂ, 1982ರಲ್ಲಿ ಇಂದಿಗೂ ನಡೆಯುತ್ತಿರುವ ಎಸ್‌ಎಂಟಿಪಿ ನಿಯಮ ಬಂದಾಗಲೂ, ಕಳಿಸಿದವನು ತಾನು ಹೇಳಿದವನೇ ಹೌದೋ ಎಂದು ಪರೀಕ್ಷಿಸುವ ಏರ್ಪಾಡು ಇರಲಿಲ್ಲ. ಲಕೋಟೆಯ ಮೇಲೆ ‘ಇಂದ’ ಎಂದು ಯಾರ ಹೆಸರನ್ನೂ ಬರೆಯಬಹುದಿತ್ತು. ಸ್ಪ್ಯಾಮ್ ಹೆಚ್ಚಾದ ಮೇಲೆ ಮೂರು ಬೀಗ ಜೋಡಿಸಿದರು. ಎಸ್‌ಪಿಎಫ್ ಎಂದರೆ ನಮ್ಮ ಹೆಸರಿನಲ್ಲಿ ಯಾವ ಯಾವ ಐಪಿ ವಿಳಾಸಗಳಿಂದ ಮೇಲ್ ಹೊರಡಬಹುದು ಎಂದು ನಾವೇ ಬಹಿರಂಗವಾಗಿ ಅಂಟಿಸುವ ಪಟ್ಟಿ. ಡಿಕಿಮ್ ಎಂದರೆ ಪ್ರತಿ ಪತ್ರಕ್ಕೆ ಒತ್ತುವ ಮುದ್ರೆ. ಡಿಮಾರ್ಕ್ ಎಂದರೆ ಈ ಎರಡೂ ಹೊಂದದ ಪತ್ರ ಬಂದರೆ ಏನು ಮಾಡಬೇಕು, ಯಾರಿಗೆ ವರದಿ ಕೊಡಬೇಕು ಎಂಬ ಸೂಚನೆ.

ಬಹಳ ವರ್ಷ ಇವಿಲ್ಲದೆಯೂ ಕೆಲಸ ನಡೆಯುತ್ತಿತ್ತು. 2024ರ ಫೆಬ್ರವರಿಯಿಂದ ಗೂಗಲ್ ಮತ್ತು ಯಾಹೂ ಬಿಗಿ ಮಾಡಿದವು. ದಿನಕ್ಕೆ 5,000ಕ್ಕಿಂತ ಹೆಚ್ಚು ಕಳಿಸುವವರಿಗೆ ಮೂರೂ ಕಡ್ಡಾಯ. ಸಣ್ಣವರಿಗೂ ಎಸ್‌ಪಿಎಫ್ ಅಥವಾ ಡಿಕಿಮ್ ಒಂದಾದರೂ ಇರಬೇಕು. ಕಳಿಸುವ ಐಪಿಗೆ ಪಿಟಿಆರ್, ಅಂದರೆ ಸಂಖ್ಯೆಯಿಂದ ಹೆಸರು ಹುಡುಕುವ ದಾಖಲೆಯೂ ಬೇಕು. ನಮ್ಮವರ ಹಳೆಯ ಲೈನಿಗೆ ಇವೆರಡೂ ಇದ್ದವು, ಹೊಸ ಲೈನಿಗೆ ಎರಡೂ ಇರಲಿಲ್ಲ. ಹೊಸ ದಾರಿಯಲ್ಲಿ ಹೊರಟ ಪತ್ರಗಳು ಜಿಮೇಲ್ ಬಾಗಿಲಲ್ಲಿ 550 ಎಂಬ ಖಡಾಖಂಡಿತ ಉತ್ತರ ಹೊತ್ತು ಮರಳುತ್ತಿದ್ದವು. ‘ಕೆಲವು ಹೋಗ್ತಾವು, ಕೆಲವು ತಿರುಗಿ ಬರ್ತಾವು’ ಎಂಬ ಒಗಟು ಬಿಡಿಸಿಕೊಂಡಿತು. ತಿರುಗಿ ಬಂದ ಮೇಲ್‌ನಲ್ಲೇ ಕಾರಣ ಬರೆದಿರುತ್ತದೆ. ನಾವು ಅದನ್ನು ಓದದೆ ಡಿಲೀಟ್ ಮಾಡುತ್ತೇವೆ, ಅಷ್ಟೆ.

ಮೇಲ್ ಮಾತ್ರ ಹಳೆಯ ಲೈನಿನಲ್ಲೇ ಹೋಗುವಂತೆ ರೂಟರ್‌ನಲ್ಲಿ ಒಂದು ನಿಯಮ ಬರೆದೆ. ಹತ್ತು ನಿಮಿಷದ ಕೆಲಸ. ಬುಧವಾರ ಸಂಜೆ ನಾಲ್ಕಕ್ಕೆ ಕೊಟೇಶನ್ ಹೋಯಿತು, ನಾಲ್ಕೂವರೆಗೆ ‘ತಲುಪಿದೆ’ ಎಂಬ ಉತ್ತರವೂ ಬಂತು.

“ಮುಗೀತಲ್ರಿ?” ಎಂದರು. ಮುಗಿದಿರಲಿಲ್ಲ.

ಬದಲಿಸುವುದು ಏಕೆ, ಯಾವುದಕ್ಕೆ?

ಆ ಸರ್ವರಿನ ತಂತ್ರಾಂಶಕ್ಕೆ ಮೈಕ್ರೋಸಾಫ್ಟ್ ಭದ್ರತಾ ಪರಿಷ್ಕರಣೆ ಕೊಡುವುದನ್ನು ನಿಲ್ಲಿಸಿ ನಾಲ್ಕು ವರ್ಷವಾಗಿತ್ತು. ವಿಂಡೋಸ್ ಭಾಗಕ್ಕೆ 2020ರ ಜನವರಿ 14, ಎಕ್ಸ್‌ಚೇಂಜ್ 2010ಕ್ಕೆ ಅದೇ ವರ್ಷದ ಅಕ್ಟೋಬರ್ 13 ಕೊನೆಯ ದಿನ. 2021ರ ಮಾರ್ಚ್‌ನಲ್ಲಿ ಎಕ್ಸ್‌ಚೇಂಜ್ ಸರ್ವರುಗಳ ಲೋಪ ಬಳಸಿ ಜಗತ್ತಿನಾದ್ಯಂತ ಸಾವಿರಾರು ಕಚೇರಿಗಳಿಗೆ ಕಳ್ಳರು ನುಗ್ಗಿದ್ದು ನೆನಪಿದ್ದರೆ, ಪರಿಷ್ಕರಣೆ ಇಲ್ಲದ ಮೇಲ್ ಸರ್ವರನ್ನು ಬೀದಿಗೆ ತೆರೆದಿಡುವುದು ಎಂಥ ಜೂಜು ಎಂದು ಅರ್ಥವಾಗುತ್ತದೆ. ಹನ್ನೆರಡು ವರ್ಷದ ಹಾರ್ಡ್‌ಡಿಸ್ಕ್ ಬೇರೆ.

ಮೂರು ದಾರಿ ಇದ್ದವು. ಮತ್ತೊಂದು ಮೇಲ್ ಸರ್ವರ್ ಕೊಂಡು ಕಚೇರಿಯಲ್ಲೇ ಇಡುವುದು. ಬಾಡಿಗೆ ಲಿನಕ್ಸ್ ಸರ್ವರ್ ಒಂದರಲ್ಲಿ ನಾವೇ ನಡೆಸುವುದು. ಅಥವಾ ತಿಂಗಳ ಲೆಕ್ಕದಲ್ಲಿ ತಲೆಗಿಷ್ಟು ಕೊಟ್ಟು ಗೂಗಲ್, ಮೈಕ್ರೋಸಾಫ್ಟ್, ಇಲ್ಲವೇ ಚೆನ್ನೈನದೇ ಆದ ಜೋಹೊ ಇವರ ಬಳಿ ಮೇಲ್ ಇಡುವುದು. ಮೇಲ್ ಸರ್ವರ್ ಎಂದರೆ ಇಪ್ಪತ್ತನಾಲ್ಕು ಗಂಟೆಯೂ ಬಾಗಿಲು ತೆರೆದಿರಬೇಕಾದ ಅಂಚೆ ಕಚೇರಿ. ಕರೆಂಟು, ಕೇಬಲ್, ಜೌಗಿನ ನೀರು ಮೂರೂ ಕೈಕೊಡುವ ಜಾಗದಲ್ಲಿ, ರಾತ್ರಿ ಕಾವಲಿಗೆ ಯಾರೂ ಇಲ್ಲದ ಕಂಪನಿ ಅದನ್ನು ನಡೆಸುವುದು ಸರಿಯಲ್ಲ ಎಂದು ಹೇಳಿದೆ. ಮೂರನೆಯ ದಾರಿಗೆ ಒಪ್ಪಿದರು. ಯಾವ ಕಂಪನಿ ಆರಿಸಿದೆವು ಎಂಬುದು ಇಲ್ಲಿ ಮುಖ್ಯವಲ್ಲ. ನಿಮ್ಮವರಿಗೆ ಯಾವುದರ ಕ್ಯಾಲೆಂಡರ್, ಫೈಲು ಹಂಚಿಕೆ ಒಗ್ಗುತ್ತದೋ ಅದು.

ಎಲ್ಲವನ್ನೂ ಹೊರಗೆ ಕಳಿಸಲಿಲ್ಲ. ಟ್ಯಾಲಿಯ ಲೆಕ್ಕ ಮತ್ತು ಅಚ್ಚುಗಳ ದೊಡ್ಡ ದೊಡ್ಡ ಡ್ರಾಯಿಂಗ್ ಫೈಲುಗಳು ಕಚೇರಿಯಲ್ಲೇ ಇದ್ದರೆ ಕೆಲಸ ಚುರುಕು. ಅದಕ್ಕೆಂದು ವಿಂಡೋಸ್ ಸರ್ವರ್ 2022 ಇರುವ ಸಣ್ಣ ಸರ್ವರ್ ಒಂದು ಬಂತು. ಅದಕ್ಕೆ 2031ರ ಅಕ್ಟೋಬರ್‌ವರೆಗೆ ಪರಿಷ್ಕರಣೆ ಸಿಗುತ್ತದೆ. ಮೇಲ್ ಹೊರಗೆ, ಫೈಲು ಒಳಗೆ ಎಂದು ತೀರ್ಮಾನವಾಯಿತು.

ಹೆಸರು ಯಾರದು?

ಮೇಲ್ ಹೊಸ ಜಾಗಕ್ಕೆ ಬರಬೇಕಾದರೆ ಎಂಎಕ್ಸ್ ಎಂಬ ದಾಖಲೆ ಬದಲಿಸಬೇಕು. ಈ ಹೆಸರಿಗೆ ಬಂದ ಪತ್ರವನ್ನು ಯಾವ ಯಂತ್ರಕ್ಕೆ ತಲುಪಿಸಬೇಕು ಎಂದು ಹೇಳುವ ಸಾಲು ಅದು. ಮನೆ ಬದಲಿಸಿದಾಗ ಅಂಚೆ ಕಚೇರಿಯಲ್ಲಿ ಹೊಸ ವಿಳಾಸ ಬರೆದುಕೊಟ್ಟು ಬರುತ್ತೇವಲ್ಲ, ಹಾಗೆ. ಅದನ್ನು ಬದಲಿಸಲು ಡೊಮೇನ್ ಹೆಸರು ನೋಂದಾಯಿಸಿದ ಖಾತೆಗೆ ಲಾಗಿನ್ ಬೇಕು.

“ಅದರ ಪಾಸ್‌ವರ್ಡ್?”

ಮಾಲೀಕರು ಅಕೌಂಟ್ಸ್ ನೋಡುವ ಅಮ್ಮನ ಮುಖ ನೋಡಿದರು, ಅವರು ಇವರ ಮುಖ ನೋಡಿದರು. 2009ರಲ್ಲಿ ವೆಬ್‌ಸೈಟ್ ಮಾಡಿಕೊಟ್ಟ ಹುಡುಗ ತನ್ನದೇ ಖಾತೆಯಲ್ಲಿ, ತನ್ನದೇ ಮೇಲ್ ವಿಳಾಸ ಕೊಟ್ಟು ಹೆಸರು ನೋಂದಾಯಿಸಿದ್ದ. ಮೋಸವಲ್ಲ, ಆಗ ಎಲ್ಲರೂ ಹಾಗೇ ಮಾಡುತ್ತಿದ್ದರು. ಅವನು ಈಗ ಆಸ್ಟ್ರೇಲಿಯಾದಲ್ಲಿದ್ದ. ವರ್ಷ ವರ್ಷವೂ ಅವನ ಕಾರ್ಡಿನಿಂದ ಹಣ ಕಡಿತವಾಗಿ ನವೀಕರಣವಾಗುತ್ತಿತ್ತು, ಅವನೂ ಮರೆತಿದ್ದ. ಹೋದ ವರ್ಷ ಆ ಕಾರ್ಡು ಅವಧಿ ಮೀರಿತ್ತು. ನೋಂದಣಿ ಮುಗಿಯಲು ಹತ್ತೊಂಬತ್ತು ದಿನ ಬಾಕಿ.

ಅಲ್ಲಿಯವರೆಗೆ ನಗುತ್ತಿದ್ದ ಮಾಲೀಕರು ಸುಮ್ಮನಾದರು. ಹದಿನೈದು ವರ್ಷ ಬಿಲ್ಲಿನ ಮೇಲೆ, ಡಬ್ಬದ ಮೇಲೆ, ವ್ಯಾನಿನ ಬಾಗಿಲ ಮೇಲೆ ಬರೆಸಿದ ಹೆಸರು. ಅವಧಿ ಮುಗಿದ ಡಾಟ್ ಕಾಂ ಹೆಸರಿಗೆ ಕೆಲವು ವಾರ ಬಿಡುವು ಸಿಗುತ್ತದೆ. ಆಮೇಲೆ ದಂಡ ಕಟ್ಟಿ ಬಿಡಿಸಿಕೊಳ್ಳಲು 30 ದಿನ. ಅದೂ ದಾಟಿದರೆ ಯಾರು ಬೇಕಾದರೂ ಕೊಳ್ಳಬಹುದು. ಕೊಂಡವರಿಗೆ ಆ ಹೆಸರಿಗೆ ಬರುವ ಮೇಲ್ ಕೂಡ ಸಿಗುತ್ತದೆ. ಕೊಯಮತ್ತೂರಿನ ಆರ್ಡರ್ ಅವರ ಕೈಗೆ ಹೋಗುತ್ತದೆ, ‘ನಮ್ಮ ಬ್ಯಾಂಕ್ ಖಾತೆ ಬದಲಾಗಿದೆ’ ಎಂಬ ಉತ್ತರ ನಮ್ಮ ಹೆಸರಿನಲ್ಲಿ ಅವರು ಕೊಡಬಹುದು. ಕಾರ್ಖಾನೆಯ ಜಾಗದ ಪತ್ರ ಬ್ಯಾಂಕ್ ಲಾಕರ್‌ನಲ್ಲಿತ್ತು. ಹೆಸರಿನ ಪತ್ರ ಬೇರೆಯವರ ಜೇಬಿನಲ್ಲಿತ್ತು.

ಹುಡುಗನ ತಂಗಿ ತಾಂಬರಂನಲ್ಲಿದ್ದದ್ದು ಫೋರ್‌ಮನ್‌ಗೆ ಗೊತ್ತಿತ್ತು. ಅವರ ಮೂಲಕ ವಾಟ್ಸಾಪ್ ನಂಬರ್ ಸಿಕ್ಕಿತು. ಆತ ತುಂಬ ಒಳ್ಳೆಯವನು. ತನ್ನ ಕೆಲಸದ ನಡುವೆ ಒಂದು ಗಂಟೆ ಬಿಡುವು ಮಾಡಿಕೊಂಡು, ಕಂಪನಿಯ ಹೆಸರಿನಲ್ಲಿ ತೆರೆದ ಹೊಸ ಖಾತೆಗೆ ಡೊಮೇನ್ ವರ್ಗಾಯಿಸಿದ. ಅಂದೇ ಐದು ವರ್ಷಕ್ಕೆ ನವೀಕರಿಸಿದೆವು. ಆತ ಸಿಗದಿದ್ದರೆ ಎಂದು ಈಗಲೂ ಕೆಲವೊಮ್ಮೆ ಯೋಚಿಸುತ್ತೇನೆ.

ಒಂದು ವಾರಾಂತ್ಯ

ಬದಲಾವಣೆಗೆ ಒಂದು ಶನಿವಾರ ಗೊತ್ತು ಮಾಡಿದೆವು. ತಯಾರಿ ಸೋಮವಾರವೇ ಶುರು. ಎಂಎಕ್ಸ್ ದಾಖಲೆಯನ್ನು ಜಗತ್ತಿನ ಸರ್ವರುಗಳು ಎಷ್ಟು ಹೊತ್ತು ನೆನಪಿಟ್ಟುಕೊಳ್ಳಬೇಕು ಎಂಬ ಟಿಟಿಎಲ್ ಅವಧಿ 86,400 ಸೆಕೆಂಡ್, ಅಂದರೆ ಒಂದು ದಿನ ಇತ್ತು. ಅದನ್ನು 300 ಸೆಕೆಂಡಿಗೆ ಇಳಿಸಿದೆ. ಹಾಗೆ ಮಾಡದಿದ್ದರೆ ಬದಲಿಸಿದ ಮೇಲೂ ಒಂದು ದಿನ ಕೆಲವು ಪತ್ರ ಹಳೆಯ ಮನೆಗೆ ಹೋಗುತ್ತಿರುತ್ತವೆ. ಇಪ್ಪತ್ತೆರಡು ಮೇಲ್‌ಬಾಕ್ಸುಗಳ ಹಳೆಯ ಮೇಲ್‌ಗಳನ್ನು ಮೂರು ರಾತ್ರಿ ಹೊಸ ಜಾಗಕ್ಕೆ ನಕಲು ಮಾಡಿದೆವು. ಶನಿವಾರ ಸಂಜೆ ಎಂಎಕ್ಸ್ ಬದಲಿಸಿ, ಎಸ್‌ಪಿಎಫ್ ಹೊಸದಾಗಿ ಬರೆದು, ಡಿಕಿಮ್ ಮುದ್ರೆ ಹಾಕಿಸಿ, ಕೊನೆಯಲ್ಲಿ ಉಳಿದ ಮೇಲ್‌ಗಳನ್ನು ಮತ್ತೊಮ್ಮೆ ಸರಿಹೊಂದಿಸಿದೆವು.

ನಕಲು ಮಾಡುವ ಮುನ್ನ ಕಸ ತೆಗೆಯೋಣ ಎಂದು ಕಚೇರಿಯ ಹುಡುಗನೊಬ್ಬನಿಗೆ ಹೇಳಿದ್ದೆ. ಮಾಲೀಕರ ಹಳೆಯ ಫೋಲ್ಡರಿನಲ್ಲಿ ಮೂವತ್ತೊಂದು ಮೇಲ್‌ಗಳಿಗೆ ಅವನು ಟಿಕ್ ಹಾಕಿದ್ದ. ತೆರೆದರೆ ಇಂಗ್ಲಿಷ್ ಅಕ್ಷರ, ಚುಕ್ಕೆ, ಗೀಟುಗಳ ಕಿಚಡಿ. ನನಗೆ ಅನುಮಾನ ಬಂದು ಮಾಲೀಕರನ್ನು ಕರೆದೆ. ಕಳಿಸಿದವರ ವಿಳಾಸ ನೋಡಿ “ಇದು ನಮ್ಮ ಅಪ್ಪಾರದು” ಎಂದರು. ರಾಣೆಬೆನ್ನೂರಿನಲ್ಲಿ ಹೈಸ್ಕೂಲು ಮಾಸ್ತರರಾಗಿ ನಿವೃತ್ತರಾದ ಮೇಲೆ ‘ಬರಹ’ ತಂತ್ರಾಂಶ ಕಲಿತು ಮಗನಿಗೆ ಕನ್ನಡದಲ್ಲೇ ಮೇಲ್ ಬರೆಯುತ್ತಿದ್ದರಂತೆ. ಯೂನಿಕೋಡ್ ಬಳಕೆ ಹಬ್ಬುವ ಮುಂಚಿನ ಫಾಂಟಿನಲ್ಲಿದ್ದ ಪತ್ರಗಳು. ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಕನ್ನಡ ಕಾಣುವುದೇ ಇಲ್ಲ. ಹಳೆಯ ಅಕ್ಷರವನ್ನು ಯೂನಿಕೋಡಿಗೆ ಬದಲಿಸುವ ಪರಿವರ್ತಕಗಳಿವೆ. ಒಂದನ್ನು ಪರಿವರ್ತಿಸಿ ತೋರಿಸಿದೆ. ಊರಿನ ಮಳೆ, ಮೆಣಸಿನಕಾಯಿ ದರ, ಮೊಮ್ಮಗಳ ಪರೀಕ್ಷೆ. ಮಾಲೀಕರು ನಿಂತೇ ಓದಿದರು. ಆ ಸಂಜೆ ಉಳಿದ ಮೂವತ್ತನ್ನೂ ಬದಲಿಸಿ ಒಂದು ಫೋಲ್ಡರಿಗೆ ಹಾಕಿಕೊಟ್ಟೆ. ನಿಮ್ಮ ಹಳೆಯ ಮೇಲ್‌ಬಾಕ್ಸಿನಲ್ಲೂ ಇಂಥ ‘ಕಸ’ ಇದ್ದರೆ ಅಳಿಸುವ ಮುನ್ನ ಒಮ್ಮೆ ನೋಡಿ.

ಸೋಮವಾರ ಎಲ್ಲ ಸುಸೂತ್ರ ಎಂದುಕೊಳ್ಳಬೇಡಿ. ಸ್ಕ್ಯಾನರ್‌ನಿಂದ ನೇರ ಮೇಲ್ ಹೋಗುತ್ತಿದ್ದದ್ದು ನಿಂತಿತು, ಅದಕ್ಕೆ ಹಳೆಯ ಸರ್ವರಿನ ವಿಳಾಸವೇ ಗೊತ್ತಿತ್ತು. ಎರಡು ಕಂಪ್ಯೂಟರುಗಳ ಹಳೆಯ ಔಟ್‌ಲುಕ್ ಹೊಸ ಲಾಗಿನ್ ಒಪ್ಪಲಿಲ್ಲ. ಡಿಮಾರ್ಕನ್ನು ಮೊದಲ ತಿಂಗಳು ‘ಏನೂ ತಡೆಯಬೇಡ, ವರದಿ ಮಾತ್ರ ಕೊಡು’ ಎಂಬ ಸ್ಥಿತಿಯಲ್ಲಿ ಇಟ್ಟಿದ್ದೆ. ವರದಿ ಓದಿದಾಗ ವೆಬ್‌ಸೈಟಿನ ವಿಚಾರಣೆ ಫಾರ್ಮ್ ಕೂಡ ಕಂಪನಿಯ ಹೆಸರಿನಲ್ಲಿ ಮೇಲ್ ಕಳಿಸುತ್ತಿರುವುದು ತಿಳಿಯಿತು. ಅದನ್ನೂ ಎಸ್‌ಪಿಎಫ್ ಪಟ್ಟಿಗೆ ಸೇರಿಸಿ ಆಮೇಲೆ ಬಿಗಿ ಮಾಡಿದೆವು. ಮೊದಲೇ ಬಿಗಿ ಮಾಡಿದ್ದರೆ ಹೊಸ ಗಿರಾಕಿಗಳ ವಿಚಾರಣೆಗಳೇ ಸ್ಪ್ಯಾಮ್ ಪಾಲಾಗುತ್ತಿದ್ದವು.

ಹಳೆಯ ಸರ್ವರನ್ನು ತಕ್ಷಣ ಎಸೆಯಲಿಲ್ಲ. ಲಾಗಿನ್‌ಗಳೆಲ್ಲ ಹೊಸದಕ್ಕೆ ಬಂದು, ಬ್ಯಾಕಪ್‌ನಿಂದ ಒಂದು ಡ್ರಾಯಿಂಗ್ ಫೈಲನ್ನೂ ಒಂದು ತಿಂಗಳ ಟ್ಯಾಲಿ ಲೆಕ್ಕವನ್ನೂ ನಿಜವಾಗಿ ಹಿಂದಕ್ಕೆ ತೆಗೆದು ನೋಡಿದ ಮೇಲೆಯೇ ಆಫ್ ಮಾಡಿದ್ದು. ಬ್ಯಾಕಪ್ ಈಗ ಮೂರು ಪ್ರತಿ: ಸರ್ವರಿನಲ್ಲಿ ಒಂದು, ಯುಎಸ್‌ಬಿ ಡಿಸ್ಕಿನಲ್ಲಿ ಒಂದು, ಊರಾಚೆ ಕ್ಲೌಡ್‌ನಲ್ಲಿ ಒಂದು. ಬ್ಯಾಕಪ್ ತಪ್ಪಿದರೆ ಎಚ್ಚರಿಕೆ ಮಾಲೀಕರ ಫೋನಿಗೂ ನನ್ನ ಫೋನಿಗೂ ಬರುತ್ತದೆ.

ನಿಮ್ಮ ಕಚೇರಿಯಲ್ಲಿ

ಬೆಂಗಳೂರು, ಮುಂಬೈ, ಪುಣೆ, ಹೈದರಾಬಾದು ಎಲ್ಲೇ ಇರಿ, ಸಣ್ಣ ಕಂಪನಿ ನಡೆಸುವ ಗೆಳೆಯರು ನಿಮಗಿರುತ್ತಾರೆ, ಅಥವಾ ನೀವೇ ನಡೆಸುತ್ತಿರುತ್ತೀರಿ. ಈ ವಾರ ಒಂದರ್ಧ ಗಂಟೆ ಕೂತು ಇಷ್ಟು ಕೇಳಿಕೊಳ್ಳಿ. ನಮ್ಮ ಡೊಮೇನ್ ಯಾರ ಖಾತೆಯಲ್ಲಿದೆ, ಯಾವ ದಿನ ಮುಗಿಯುತ್ತದೆ? ಅದರ ಪಾಸ್‌ವರ್ಡ್ ಮತ್ತು ಓಟಿಪಿ ಯಾರಿಗೆ ಬರುತ್ತದೆ? ಬ್ಯಾಕಪ್‌ನಿಂದ ಕೊನೆಯ ಸಲ ಒಂದು ಫೈಲು ಹಿಂದಕ್ಕೆ ತೆಗೆದು ನೋಡಿದ್ದು ಯಾವಾಗ? ಸರ್ವರಿನ ಎಚ್ಚರಿಕೆಗಳನ್ನು ಓದುವವರು ಇನ್ನೂ ಕೆಲಸದಲ್ಲಿದ್ದಾರೆಯೇ? ನಮ್ಮ ತಂತ್ರಾಂಶದ ಆಯುಷ್ಯ ಎಷ್ಟು? ಎಕ್ಸ್‌ಚೇಂಜ್ 2016 ಮತ್ತು 2019 ಎರಡಕ್ಕೂ 2025ರ ಅಕ್ಟೋಬರ್ 14 ಕೊನೆಯ ದಿನವಾಗಿತ್ತು, ವಿಂಡೋಸ್ ಸರ್ವರ್ 2016ಕ್ಕೆ 2027ರ ಜನವರಿ 12. ಸರ್ವರ್ ಕೆಟ್ಟರೆ ಇನ್ನೊಂದು ಕೊಳ್ಳಬಹುದು. ಹೆಸರು, ಪಾಸ್‌ವರ್ಡ್ ಮತ್ತು ಪರೀಕ್ಷಿಸಿದ ಬ್ಯಾಕಪ್ ಕೈತಪ್ಪಿದರೆ ಕೊಳ್ಳಲು ಯಾವ ಅಂಗಡಿಯೂ ಇಲ್ಲ.

ಕೊಯಮತ್ತೂರಿನ ಒಪ್ಪಂದ, ದರದಲ್ಲಿ ಒಂದಿಷ್ಟು ಜಗ್ಗಾಡಿದ ಮೇಲೆ, ಇವರಿಗೇ ಸಿಕ್ಕಿತು.

ಅದೇ ವರ್ಷ ನವೆಂಬರ್ 30ರಂದು ಫೆಂಗಲ್ ಚಂಡಮಾರುತ ಬಂತು. ಚೆನ್ನೈನಲ್ಲಿ ಮತ್ತೆ ವಿಮಾನ ನಿಲ್ದಾಣ ಮುಚ್ಚಿತು. ಕಾರ್ಖಾನೆಯಲ್ಲಿ ಮುನ್ನಾದಿನವೇ ಮೇನ್ ಸ್ವಿಚ್ ಆರಿಸಿ, ಡಿಸ್ಕನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಮನೆಗೆ ಒಯ್ದಿದ್ದರು. ಕತ್ತಲಲ್ಲಿದ್ದ ಕಚೇರಿಯ ಮೇಲ್‌ಗಳು ಅವರ ಫೋನಿಗೆ ಬರುತ್ತಲೇ ಇದ್ದವು. ಮಾಲೀಕರು ಮನೆಯಲ್ಲಿ ಕೂತು ಉತ್ತರಿಸಿದರಂತೆ.

ಸೋಮವಾರ ಬೆಳಿಗ್ಗೆ ಒಂಬತ್ತೂಕಾಲಿಗೆ ನನ್ನ ಫೋನ್ ಸದ್ದು ಮಾಡಿತು. ಎದೆ ಧಸಕ್ಕೆಂದಿತು. ಕರೆಯಲ್ಲ, ಒಂದು ಫೋಟೊ: ಮೊದಲ ಮಹಡಿಯ ಮೇಜು, ಹೊಸ ಸರ್ವರ್, ಅದರ ಪಕ್ಕದಲ್ಲಿ ಪುಟ್ಟ ನೀಲಿ ದೀಪ ಹತ್ತಿದ ಡಿಸ್ಕ್. ಕೆಳಗೆ ಒಂದೇ ಸಾಲು: “ವಾಪಸ್ ಹಚ್ಚೇನ್ರಿ.”